ತೋಡಿಯ ಗಾಂಧಾರಕ್ಕೆ ಯಾವ ಸಿಂತ್ ತಗೊಳ್ಳಲಿ?

ಮೇಣದ_ಮೆಟ್ಟು:

ಎಲ್ಲರಿಗೂ ನಮಸ್ಕಾರ. ಊರು ಮೈಸೂರು. ಹನ್ನೊಂದು ವರ್ಷ ವೀಣೆ ಪಾಠಕ್ಕೆ ಹೋಗಿ, ಆಮೇಲೆ ಕೆಲಸ, ಮದುವೆ, ಮಗು ಅಂತ ಬಿಟ್ಟವಳು. ವೀಣೆ ಅಮ್ಮನ ಮನೆಯ ಅಟ್ಟದಲ್ಲಿದೆ, ಮೇಣ ಸಡಿಲವಾಗಿ ತಂತಿ ಕೆಳಗಿನ ಮೆಟ್ಟಿಲುಗಳೆಲ್ಲ ಅಲ್ಲಾಡ್ತಿವೆ. ಸದ್ಯ ಕೈಲಿರೋದು ತಮ್ಮ ಬಿಟ್ಟುಹೋದ ರೋಲ್ಯಾಂಡ್ ಎಕ್ಸ್‌ಪಿಎಸ್-30 ಕೀಬೋರ್ಡು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ದುಡಿದು ದುಡಿದು ಎರಡು ಕೀ ಅಂಚು ಒಡೆದಿದೆ, ಉಳಿದಂತೆ ಗಟ್ಟಿಮುಟ್ಟು.

ಆರು ತಿಂಗಳಿಂದ ರಾತ್ರಿ ಮಗು ಮಲಗಿದ ಮೇಲೆ ಸಿಂತ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸೋ ಸಿಂತಸೈಜರ್) ವಿಡಿಯೋ ನೋಡೋದೇ ಕೆಲಸ ಆಗಿದೆ. ಕೋರ್ಗ್ ಮಿನಿಲಾಗ್ ಎಕ್ಸ್‌ಡಿ, ಆರ್ಟೂರಿಯಾ ಮಿನಿಫ್ರೀಕ್, ಹೈಡ್ರಾಸಿಂತ್ ಎಕ್ಸ್‌ಪ್ಲೋರರ್, ಆಮೇಲೆ ಕೈಗೆಟುಕದ ಆಸ್ಮೋಸ್. ಯಾವ ವಿಡಿಯೋ ತೆಗೆದರೂ ಒಂದೇ ಕಥೆ: ನಾಲ್ಕು ಕಾರ್ಡ್ ಹಿಡಿ, ಮೇಲೆ ರಿವರ್ಬ್ ಸುರಿ, ಫಿಲ್ಟರ್ ತಿರುಗಿಸು. ಒಬ್ಬರಾದರೂ ಒಂದು ಸ್ವರ ಹಿಡಿದು ಅದನ್ನ ಅಲ್ಲಾಡಿಸಿ ತೋರಿಸಲ್ಲ.

ನನ್ನ ಆಸೆ ಸಣ್ಣದು. ತೋಡಿ ರಾಗದ ಗಾಂಧಾರ ಸ್ವರ ಹಿಡಿದರೆ ಅದು ಗಾಂಧಾರ ಅನ್ನಿಸಬೇಕು, ಡೋರ್‌ಬೆಲ್ ಅನ್ನಿಸಬಾರದು. ವೀಣೆಯ ಧ್ವನಿ ಬೇಕಂತಿಲ್ಲ. ಸಿಂತ್ ಸಿಂತ್ ಥರಾನೇ ಕೇಳಲಿ. ಬಜೆಟ್ ಅರವತ್ತು ಸಾವಿರ. ಮನೆಯವರಿಗೆ ಹೇಳಿರೋದು ನಲವತ್ತು.

ಆಕ್ಟೋಪ್ಯಾಡ್_ಹಬ್ಬ:

ಮೇಡಂ, ಮೊದಲು ಒಂದು ಮಾತು. ಎಕ್ಸ್‌ಪಿಎಸ್-30 ಮಾರಬೇಡಿ. ಹಾಸನ, ಚನ್ನರಾಯಪಟ್ಟಣದ ಕಡೆ ಯಾವ ಸ್ಟೇಜ್ ಹತ್ತಿದ್ರೂ ಅದೇ ಇರ್ತದೆ, ಕೆಟ್ಟರೆ ರಿಪೇರಿಯವರೂ ಸಿಕ್ತಾರೆ. ನಮ್ಮ ಟೀಮಿನ ಹುಡುಗ ಅದರಲ್ಲೇ ನಾದಸ್ವರ ನುಡಿಸ್ತಾನೆ, ಮದುವೆ ಮನೆಯಲ್ಲಿ ಜನ ಓಲಗದವರು ಎಲ್ಲಿ ಕೂತವ್ರೆ ಅಂತ ತಿರುಗಿ ನೋಡ್ತಾರೆ. ಎಡಗೈ ಯಾವಾಗ್ಲೂ ಸ್ವರ ಬಾಗಿಸೋ ಲಿವರ್ ಮೇಲೆ. ಅವನಿಗೆ ತೋಡಿ ಗೀಡಿ ಗೊತ್ತಿಲ್ಲ, ಕೈಗೆ ಗೊತ್ತು.

ಸೋಲ್ಡರ್_ಹೊಗೆ:

ಲಿವರ್ ಎಲ್ಲ ಹಳೇ ಕಾಲ. ಮೈಕ್ರೋಟ್ಯೂನಿಂಗ್ (ಒಂದೊಂದು ಸ್ವರಾನೂ ಬೇರೆ ಬೇರೆ ಶ್ರುತಿ ಮಾಡೋ ಸೌಲಭ್ಯ) ಇರೋ ಸಿಂತ್ ತಗೊಳ್ಳಿ, ಅಲ್ಲಿಗೆ ಕಥೆ ಮುಗೀತು.

ಮಾಮೂಲಿ ಕೀಬೋರ್ಡಲ್ಲಿ ಒಂದು ಸ್ಥಾಯಿನ 12 ಸಮಭಾಗ ಮಾಡಿರ್ತಾರೆ, ಒಂದೊಂದು ಭಾಗ 100 ಸೆಂಟ್. ಹಾಗಾಗಿ ಅಂತರ ಗಾಂಧಾರ 400 ಸೆಂಟ್‌ಗೆ ಬೀಳುತ್ತೆ. ತಂಬೂರಿ ಜೊತೆ ಸೇರೋ ಗಾಂಧಾರ ಇರೋದು 386ರ ಹತ್ರ. ಆ 14 ಸೆಂಟ್‌ನಲ್ಲೇ ಕಿವಿ ಚುಚ್ಚೋದು. 2017ರಲ್ಲಿ ಬಂದ ಕೋರ್ಗ್ ಮೊನೊಲಾಗ್‌ನಲ್ಲಿ ಪ್ರತಿ ಸ್ವರಾನೂ ಸೆಂಟ್ ಲೆಕ್ಕದಲ್ಲಿ ತಿದ್ದಬಹುದು. ಆ ಕೆಲಸಕ್ಕೆ ಏಫೆಕ್ಸ್ ಟ್ವಿನ್ ಅನ್ನೋ ಎಲೆಕ್ಟ್ರಾನಿಕ್ ಸಂಗೀತಗಾರನ ಜೊತೆ ಕೂತಿದ್ರು ಕೋರ್ಗ್‌ನವರು. ಮಿನಿಲಾಗ್ ಎಕ್ಸ್‌ಡಿಯಲ್ಲೂ ಇದೆ. ಕಾಸೇ ಬೇಡ ಅಂದ್ರೆ ಸರ್ಜ್ ಎಕ್ಸ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಅದಕ್ಕೆ ಸ್ಕಾಲಾ ಫೈಲ್ (ಶ್ರುತಿಗಳ ಪಟ್ಟಿ) ಎಳೆದು ಹಾಕಿದ್ರೆ ಯಾವ ಶ್ರುತಿ ಬೇಕೋ ಆ ಶ್ರುತಿ. 22 ಶ್ರುತಿನೂ ಕೂರಿಸಿ, ಯಾರು ಬೇಡ ಅಂತಾರೆ.

ಧಾರವಾಡ_ಪೇಟಿ:

ತಮ್ಮಾ, ನೀ ಹೇಳಿದ ಲೆಕ್ಕ ಖರೇ ಅದ. ಆದ್ರ ರೋಗ ಒಂದು, ಔಷಧ ಇನ್ನೊಂದು ಆತು.

ನಾ ಪೇಟಿ ಬಾರಸಾಂವ. ಹಾರ್ಮೋನಿಯಮ್ಮಿಗೆ ಆಕಾಶವಾಣಿಯವರು 1940ರಾಗ ಬಾಗಲಾ ಹಾಕಿದ್ರು, ತೆಗದದ್ದು 1971ಕ್ಕ. ಮೂವತ್ತೊಂದು ವರ್ಷ! ಆವಾಗ ಪೇಟಿ ಮ್ಯಾಲೆ ಇದ್ದ ತಕರಾರು ಎರಡು. ಸ್ವರ ಸಮಭಾಗದ್ದು, ತಂಬೂರಿಗೆ ಕೂಡೂದಿಲ್ಲ ಅನ್ನೂದು ಒಂದು. ಒಂದು ಸ್ವರದಿಂದ ಇನ್ನೊಂದಕ್ಕ ಜಾರಾಕ ಬರೂದಿಲ್ಲ, ಮೀಂಡ್ ಇಲ್ಲ ಅನ್ನೂದು ಇನ್ನೊಂದು. ಮೊದಲನೇದನ್ನ ರೀಡ್ ಕೆರದು ಸರಿ ಮಾಡಬಹುದು, ನಮ್ಮ ಕಡೆ ಭಾಳ ಮಂದಿ ಮಾಡಿಸ್ಯಾರ. ಎರಡನೇದಕ್ಕ ಪೇಟಿಯೊಳಗ ಮದ್ದಿಲ್ಲ.

ಈ ಅಕ್ಕಾರು ಕೇಳಾಕತ್ತಿದ್ದು ಎರಡನೇದು. (ಅವರ ತೋಡಿ ಅಂದ್ರ ನಮ್ಮ ಹಿಂದೂಸ್ತಾನಿ ಭೈರವಿ ಥಾಟಿನ ಸ್ವರ, ನಮ್ಮ ತೋಡಿ ಅಲ್ಲ, ಗೊಂದಲ ಮಾಡ್ಕೋಬ್ಯಾಡ್ರಿ.) ಆ ಗಾಂಧಾರ ಒಂದು ಜಾಗಾದಾಗ ನಿಲ್ಲೂದ ಇಲ್ಲ. ನಿಲ್ಲದಿದ್ದ ಸ್ವರಕ್ಕ ಎಷ್ಟು ಸೆಂಟು ಅಂತ ಕೇಳಿದ್ರ ಏನಂತ ಹೇಳೂದು?

ಸೋಲ್ಡರ್_ಹೊಗೆ:

ಹಂಗಾದ್ರೆ ಎಲ್‌ಎಫ್‌ಒ (ಸ್ವರಾನ ತಾನಾಗೇ ತೂಗಿಸೋ ನಿಧಾನ ತರಂಗ) ಹಾಕಿದ್ರಾಯ್ತಲ್ಲ ಅಜ್ಜಾ. ಪಿಚ್‌ಗೆ ಒಂದು ಸೈನ್ ತರಂಗ, ಸೆಕೆಂಡಿಗೆ ಐದು ಸಲ. ಮಾಡ್ ವ್ಹೀಲ್ ಎತ್ತಿದಷ್ಟೂ ಅಲುಗಾಟ.

ಮೇಣದ_ಮೆಟ್ಟು:

ಅಯ್ಯೋ, ಅದನ್ನೇ ಮೊದಲನೇ ದಿನ ಮಾಡಿದ್ದು. ಐಸ್‌ಕ್ರೀಮ್ ಗಾಡಿ ಬಂದ ಹಾಗಿತ್ತು, ಮಗು ಎದ್ದು ಕೂತ. ಎಲ್‌ಎಫ್‌ಒ ಸ್ವರದ ಎರಡೂ ಕಡೆ ಸಮನಾಗಿ ತೂಗುತ್ತೆ. ತೋಡಿಯ ಗಾಂಧಾರ ಹಾಗಲ್ಲ: ರಿಷಭದ ಹತ್ರ ಕೂರುತ್ತೆ, ಅಲ್ಲಿಂದ ಮಧ್ಯಮದ ಕಡೆಗೆ ಚಿಮ್ಮುತ್ತೆ, ಮತ್ತೆ ಬರುತ್ತೆ. ಒಂದು ತೂಗು ಇನ್ನೊಂದರ ಥರ ಇರಲ್ಲ. ಸಾಲಿನ ಕೊನೆಗೆ ಬಂದಾಗಂತೂ ಇನ್ನೂ ನಿಧಾನ. ಗುರುಗಳು ಹೇಳಿಕೊಡ್ತಿದ್ದಿದ್ದೂ ಮಾತಲ್ಲಲ್ಲ, ನಮ್ಮ ಬೆರಳ ಮೇಲೆ ಅವರ ಬೆರಳಿಟ್ಟು ತಂತಿ ಎಳೆಸ್ತಿದ್ರು.

ಅಜ್ಜ ಹೇಳಿದ್ದು ಸರಿ. ನನಗೆ ಬೇಕಿರೋದು ಎರಡನೇದು.

ಸ್ಪ್ರೀ_ದಂಡೆ:

ಬರ್ಲಿನ್‌ನಲ್ಲಿರುವವನು, ಊರು ಶಿವಮೊಗ್ಗ. ಇಲ್ಲಿ ಪ್ರತಿ ಮೇ ತಿಂಗಳು ಸೂಪರ್‌ಬೂತ್ ಅಂತ ಸಿಂತ್ ಜಾತ್ರೆ ನಡೆಯುತ್ತದೆ. ಕಾಡಿನ ಅಂಚಿನ ಒಂದು ಮಕ್ಕಳ ಕೇಂದ್ರದಲ್ಲಿ, ಹೊರಗೆ ಡೇರೆ, ಪುಟ್ಟ ರೈಲು, ನಿಜವಾಗಿಯೂ ಜಾತ್ರೆಯೇ. ಅಲ್ಲಿ ಆಸ್ಮೋಸ್ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಹತ್ತು ನಿಮಿಷ ನುಡಿಸಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆಯಿರಲಿ.

ಮಾಡಿದವರು ಎಕ್ಸ್‌ಪ್ರೆಸಿವ್ ಇ ಎಂಬ ಫ್ರೆಂಚ್ ಕಂಪನಿ. 2019ರಲ್ಲಿ ಘೋಷಿಸಿದರು, ಕೊಳ್ಳುವವರ ಕೈಗೆ ಬರುವಾಗ ವರ್ಷಗಳೇ ಕಳೆದವು. ನೋಡಲು ಮಾಮೂಲಿ 49 ಕೀಗಳ ಕೀಬೋರ್ಡು. ಆದರೆ ಪ್ರತಿ ಕೀಯೂ ಅಕ್ಕಪಕ್ಕಕ್ಕೆ ಅಲುಗುತ್ತದೆ, ಅಲುಗಿಸಿದರೆ ಆ ಸ್ವರ ಮಾತ್ರ ಬಾಗುತ್ತದೆ, ಪಕ್ಕದ ಸ್ವರಕ್ಕೆ ಏನೂ ಆಗುವುದಿಲ್ಲ. ಕೆಳಗೆ ಒತ್ತಿದ ಮೇಲೂ ಇನ್ನೂ ಒತ್ತಲು ಜಾಗವಿದೆ. ಎರಡು ಕೀಗಳ ನಡುವೆ ಒತ್ತಡ ಹಂಚಿದರೆ ಸ್ವರ ಒಂದರಿಂದ ಇನ್ನೊಂದಕ್ಕೆ ಜಾರುವ ವ್ಯವಸ್ಥೆಯೂ ಇದೆ. ಒಳಗಿರುವುದು ಹಾಕನ್ ಕಂಪನಿಯ ಈಗನ್‌ಮ್ಯಾಟ್ರಿಕ್ಸ್, ಅಂದರೆ ಎ. ಆರ್. ರೆಹಮಾನ್ ನುಡಿಸುವ ಕಂಟಿನ್ಯುಯಮ್ ಎಂಬ ವಾದ್ಯದ ಧ್ವನಿ ಯಂತ್ರ.

ಇದು ತೀರಾ ಹೊಸದೇನಲ್ಲ. 1928ರಲ್ಲೇ ಮಾರ್ಟೆನೋ ಎಂಬ ಇನ್ನೊಬ್ಬ ಫ್ರೆಂಚಿನವನು ಮಾಡಿದ ವಾದ್ಯವಿದೆ, ಓಂಡ್ ಮಾರ್ಟೆನೋ ಅಂತ. ಬೆರಳಿಗೆ ಉಂಗುರ ಹಾಕಿಕೊಂಡು ತಂತಿಯುದ್ದಕ್ಕೂ ಎಳೆಯುವುದು. ಅದರ ಕೀಬೋರ್ಡೂ ಅಕ್ಕಪಕ್ಕ ಅಲುಗುತ್ತಿತ್ತು. ನಡುವಿನ ಅಷ್ಟೂ ವರ್ಷ ಸಿಂತ್ ಮಾಡುವವರು ಪಿಯಾನೋ ಕೀಗಳಿಗೇ ಅಂಟಿಕೊಂಡು, ಬಾಗಿಸುವ ಕೆಲಸವನ್ನು ಎಡಗೈಯ ಚಕ್ರಕ್ಕೆ ತಳ್ಳಿಬಿಟ್ಟರು.

ನನ್ನ ಹತ್ತು ನಿಮಿಷದ ತೀರ್ಪು: ಕಂಪಿತಕ್ಕೆ ಅದ್ಭುತ. ಬೆರಳು ಸ್ವಲ್ಪ ತೂಗಿದರೆ ಸಾಕು, ಹಾಡುವ ಗಂಟಲಿನ ಹಾಗೆ. ಉದ್ದ ಜಾರಿಗೆ ಅಷ್ಟು ಒಗ್ಗಲಿಲ್ಲ. ಷಡ್ಜದಿಂದ ಪಂಚಮಕ್ಕೆ ಏರಲು ಹೋದರೆ ಕೀ ಇರುವುದೇ ಅಷ್ಟಗಲ. ಅದಕ್ಕೆ ಲಿನ್‌ಸ್ಟ್ರುಮೆಂಟ್ ಎಂಬ ಚಪ್ಪಟೆ ಫಲಕದ ವಾದ್ಯ ವಾಸಿ, ಸಾಲಿನುದ್ದಕ್ಕೂ ಬೆರಳು ಎಳೆಯಬಹುದು. ಆದರೆ ಅದು ತಾನಾಗಿ ಸದ್ದು ಮಾಡುವುದಿಲ್ಲ, ಜೊತೆಗೊಂದು ಸಿಂತೋ ಕಂಪ್ಯೂಟರೋ ಬೇಕು. ಇನ್ನು ಬೆಲೆ: ಆಸ್ಮೋಸ್ ಮಾರುಕಟ್ಟೆಗೆ ಬಂದಾಗ ಇಲ್ಲಿ 1,799 ಯೂರೋ ಇತ್ತು. ಸುಂಕ ಬಿಟ್ಟೇ ಒಂದೂವರೆ ಲಕ್ಷ ದಾಟುತ್ತದೆ. ಮನೆಯವರಿಗೆ ಹೇಳಿರುವ ನಲವತ್ತರ ಲೆಕ್ಕಕ್ಕೆ ಇದು ಹೊಂದುವುದಿಲ್ಲ.

ಕಡಲ_ತಡಿ:

ಒಂದು ಲಕ್ಷದ ಮೇಲಿನ ಸಾಮಾನು ತರುವ ಮೊದಲು ಮಂಗಳೂರಿನ ಮಳೆಗಾಲ ಒಮ್ಮೆ ನೋಡಿ ಹೋಗಿ ಮಾರಾಯ್ರೇ. ಮೈಸೂರಿಗೆ ಇಷ್ಟು ತೊಂದರೆ ಇಲ್ಲ ಬಿಡಿ. ನನ್ನ ಹತ್ರ ಒಂದು ಹೆಸರಾಂತ ಕಂಪನಿಯ ಅನಲಾಗ್ ಸಿಂತ್ ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಫೇಡರ್‌ಗಳು (ಜಾರಿಸುವ ಗುಂಡಿಗಳು) ಕರಕರ ಅನ್ನಲಿಕ್ಕೆ ಶುರು. ಫಿಲ್ಟರಿನ ಕಟಾಫ್ ಫೇಡರ್ ಎತ್ತಿದರೆ ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಸರ್ವೀಸ್‌ಗೆ ಬರೆದೆ, ಹೊರದೇಶಕ್ಕೆ ಕಳಿಸಿ ಅಂತ ಉತ್ತರ. ಹೋಗಿ ಬರುವ ಖರ್ಚಲ್ಲಿ ಇನ್ನೊಂದು ಬರ್ತಿತ್ತು. ಕೊನೆಗೆ ಟಿವಿ ರಿಪೇರಿಯ ಅಣ್ಣನೊಬ್ಬ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐನೂರು ರೂಪಾಯಿಗೆ ಸರಿ ಮಾಡಿ ಕೊಟ್ಟ. ಈಗ ಮಳೆಗಾಲ ಬಂದರೆ ಡಬ್ಬಿಗಟ್ಟಲೆ ಸಿಲಿಕಾ ಜೆಲ್, ಮೇಲೆ ಬಟ್ಟೆ, ವಾರಕ್ಕೊಮ್ಮೆ ಎಲ್ಲ ಫೇಡರ್ ಮೇಲೆ ಕೆಳಗೆ ಆಡಿಸುವುದು. ದನಕ್ಕೆ ಹುಲ್ಲು ಹಾಕಿದ ಹಾಗೆ ಅದೂ ಒಂದು ದಿನಚರಿ.

ವಿಷಯಕ್ಕೆ ಬರ್ತೇನೆ. ನೀವು ಹೇಳಿದ ಪಟ್ಟಿಯಲ್ಲಿ ಹೈಡ್ರಾಸಿಂತ್ ಎಕ್ಸ್‌ಪ್ಲೋರರ್ ಉಂಟಲ್ಲ, ಅದನ್ನು ಬೇರೆ ದೃಷ್ಟಿಯಿಂದ ನೋಡಿ. 37 ಕೀ, ಒಟ್ಟಿಗೆ ಎಂಟು ಸ್ವರ, ಎಂಟು ಎಎ ಸೆಲ್ ಹಾಕಿದರೆ ಕರೆಂಟ್ ಹೋದರೂ ಚಿಂತೆ ಇಲ್ಲ. ದೊಡ್ಡ ಮಾಡೆಲ್‌ನಲ್ಲಿರುವ, ಬೆರಳು ಜಾರಿಸುವ ರಿಬ್ಬನ್ ಇದರಲ್ಲಿ ಇಲ್ಲ, ಆದರೆ ಪ್ರತಿ ಕೀಗೂ ಬೇರೆ ಬೇರೆ ಆಫ್ಟರ್‌ಟಚ್ (ಕೀ ಹಿಡಿದ ಮೇಲಿನ ಒತ್ತಡ ಗುರುತಿಸುವುದು) ಉಂಟು. ಹೆಚ್ಚಿನವರು ಅದನ್ನು ಫಿಲ್ಟರಿಗೋ ವೈಬ್ರಾಟೊಗೋ ಕಟ್ತಾರೆ. ನೀವು ಮಾಡ್ ಮ್ಯಾಟ್ರಿಕ್ಸ್‌ಗೆ (ಯಾವುದು ಯಾವುದನ್ನು ಬದಲಿಸಬೇಕು ಅಂತ ಜೋಡಿಸುವ ಪಟ್ಟಿ) ಹೋಗಿ ಅದನ್ನು ಸೀದಾ ಪಿಚ್‌ಗೆ ಕಟ್ಟಿ. ಕೀ ಹಿಡಿದು ಇನ್ನೂ ಒತ್ತಿದರೆ ಸ್ವರ ಮೇಲೇರ್ತದೆ, ಬಿಟ್ಟರೆ ಇಳೀತದೆ. ವೀಣೆಯ ತಂತಿ ಎಳೆದದ್ದಕ್ಕೂ ಇದಕ್ಕೂ ಹೆಚ್ಚು ದೂರ ಇಲ್ಲ ಅಂತ ನನ್ನ ಲೆಕ್ಕ. ನಾನು ವೀಣೆ ನುಡಿಸಿದವನಲ್ಲ, ತಪ್ಪಿದ್ದರೆ ಹೇಳಿ ಆಯ್ತಾ.

ಸೋಲ್ಡರ್_ಹೊಗೆ:

ನಾನು ಸೋತೆ, ಒಪ್ಕೊಂಡೆ. ಆದ್ರೆ ಒಂದು ವಿಷಯ ಹೇಳ್ದೆ ಇರಕ್ಕಾಗಲ್ಲ. ಬೆಂಡ್ ಇಲ್ಲ, ಎಂಪಿಇ (ಒಂದೊಂದು ಸ್ವರಾನೂ ಬೇರೆ ಬೇರೆ ಬಾಗಿಸೋ ವ್ಯವಸ್ಥೆ) ಇಲ್ಲ ಅಂತ ಕೂತಿದ್ರೆ 1982ರಲ್ಲಿ ಚರಣ್‌ಜಿತ್ ಸಿಂಗ್ ಏನೂ ಮಾಡ್ತಿರ್ಲಿಲ್ಲ. ಬಾಂಬೆಯಲ್ಲಿ ಸಿನಿಮಾ ಸೆಷನ್ ನುಡಿಸ್ತಿದ್ದ ಮನುಷ್ಯ. ರೋಲ್ಯಾಂಡ್ ಜುಪಿಟರ್-8 ಸಿಂತ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ ಮೂರನ್ನೂ ಒಟ್ಟಿಗೆ ಕಟ್ಟಿ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ರು, ಕೆಳಗೆ ಡಿಸ್ಕೋ ಬಡಿತ. ಆಗ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. 2010ರಲ್ಲಿ ಆ ರೆಕಾರ್ಡ್ ಮತ್ತೆ ಹೊರಬಂದಾಗ ಯುರೋಪಿನವರು ಬೆಚ್ಚಿಬಿದ್ರು, ಅಮೆರಿಕದ ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತಕ್ಕಿಂತ ಮೊದಲೇ ಅದೇ 303 ಕುಳುಕುಳು ಅಂದಿದೆ ಅಂತ.

ಆ 303 ಈಗ ಕೈಗೆಟುಕಲ್ಲ, ಆದ್ರೆ ಬೆರಿಂಜರ್ ಟಿಡಿ-3 ಅದರ ನಕಲು, ಬೆಲೆಯಲ್ಲಿ ಅರ್ಧದಷ್ಟೂ ಅಲ್ಲ, ಹತ್ತರಲ್ಲೊಂದು ಪಾಲೂ ಅಲ್ಲ.

ಸ್ಪ್ರೀ_ದಂಡೆ:

303ರ ಸ್ಲೈಡ್ ಗಮನಿಸಿ. ಪಕ್ಕದ ಸ್ವರಕ್ಕೆ ಜಾರಲಿ, ಒಂದು ಸ್ಥಾಯಿ ಆಚೆಗೆ ಜಾರಲಿ, ತಗೊಳ್ಳುವ ಹೊತ್ತು ಹೆಚ್ಚುಕಡಿಮೆ ಒಂದೇ. ಆ ಯಂತ್ರದ ಸೊಗಸೇ ಅದು. ಆದರೆ ಜಾರು ಅಂತ ನಾವು ಯಾವುದಕ್ಕೆ ಅನ್ನುತ್ತೇವೋ ಅದು ಅಲ್ಲ.

ನಕಲಿನ ಬಗ್ಗೆ ಜಗಳ ಶುರುವಾದರೆ ಈ ಎಳೆ ಇಲ್ಲಿಗೇ ಮುಗಿಯುತ್ತದೆ, ದಯವಿಟ್ಟು ಬೇಡ.

ಆಕ್ಟೋಪ್ಯಾಡ್_ಹಬ್ಬ:

ಜಗಳ ಅಲ್ಲ ಸಾರ್, ಒಂದೇ ಸಾಲು. ಮೂಲ ಮಾಡಿದವರೇ 84ರಲ್ಲಿ ನಿಲ್ಲಿಸಿದ್ಮೇಲೆ ಬಡವರು ಇನ್ನೇನು ಮಾಡ್ಬೇಕು? ಮುಗೀತು.

ಧಾರವಾಡ_ಪೇಟಿ:

ಹೊಸಾದು ಹೊಸಾದು ಅಂತೀರಿ. ಮನೀ ಮೂಲ್ಯಾಗ ಕುಂತು ಪ ಸ ಸ ಸ ಅನ್ನೂ ಎಲೆಕ್ಟ್ರಾನಿಕ್ ತಂಬೂರಿ ಸಿಂತ್ ಅಲ್ಲೇನು? ಅದನ್ನ ಬೆಂಗಳೂರಾಗ ಕೊಳಲು ಬಾರಸೂ ಎಂಜಿನಿಯರ್ ಒಬ್ರು, ರೇಡಲ್‌ನ ಜಿ. ರಾಜ್ ನಾರಾಯಣ್, ಮಾಡಿದ್ದು. ಜಪಾನಿನವರು ಮಾಡಿ ಕಳಿಸಿದ್ದಲ್ಲ. ನಮ್ಮ ಕೆಲಸಕ್ಕ ಏನು ಬೇಕು ಅಂತ ನಾವ ಕುಂತು ಮಾಡಿದ್ರ ಹಿಂಗ ಆಗತದ.

ಸೋಲ್ಡರ್_ಹೊಗೆ:

ಅಜ್ಜನಿಗೆ ಜೈ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ರೆ 40106 ಐಸಿ ಚಿಲ್ಲರೆ ಕಾಸಿಗೆ ಸಿಗುತ್ತೆ. ಒಂದು ಐಸಿಯಲ್ಲಿ ಸದ್ದು ಹುಟ್ಟಿಸೋ ಆರು ಆಸಿಲೇಟರ್, ನಾಲ್ಕನ್ನ ತಂಬೂರಿ ಥರ ಶ್ರುತಿ ಮಾಡಿ ಬಿಟ್ಟೆ. ಬಿಸಿಲೇರಿದ ಹಾಗೆ ಶ್ರುತಿ ತಪ್ಪುತ್ತೆ, ಜೀವಾಳ ಗೀವಾಳ ಏನೂ ಇಲ್ಲ, ಜೀರುಂಡೆ ಹಿಂಡು ಥರ ಕೇಳುತ್ತೆ. ಆದ್ರೂ ನಾನೇ ಮಾಡಿದ್ದು.

ಸ್ಪ್ರೀ_ದಂಡೆ:

ಮೂಲ ಪ್ರಶ್ನೆಗೆ ವಾಪಸ್. ನಿನ್ನೆ ರಾತ್ರಿ ಯೋಚಿಸುತ್ತಿದ್ದೆ, ನಾವೆಲ್ಲ ಎಂಪಿಇ ಎಂಪಿಇ ಅಂತ ಕುಣಿಯುತ್ತಿದ್ದೇವೆ. 2018ರಲ್ಲಿ ಅದನ್ನು ಮಾನದಂಡವಾಗಿ ಒಪ್ಪಿಕೊಂಡದ್ದು ಒಂದೇ ಹೊತ್ತಿಗೆ ಹಲವು ಸ್ವರ ಹಿಡಿದು ಒಂದೊಂದನ್ನೂ ಬೇರೆ ಬೇರೆ ಬಾಗಿಸಲಿಕ್ಕೆ, ಅದಕ್ಕೇ ಸ್ವರಕ್ಕೊಂದು ಚಾನೆಲ್. ನಮ್ಮ ರಾಗಕ್ಕೆ ಒಂದು ಸಲಕ್ಕೆ ಒಂದೇ ಸ್ವರ. ಅಂದರೆ ಒಂದೇ ಚಾನೆಲ್, ಒಂದೇ ಪಿಚ್ ಬೆಂಡ್ ಸಾಕು. 1983ರ ಮಿಡಿಯಲ್ಲೇ (ವಾದ್ಯಗಳು ಪರಸ್ಪರ ಮಾತಾಡುವ ಭಾಷೆ) ಅದಿದೆ.

ತೊಡಕಿರುವುದು ವ್ಯಾಪ್ತಿಯಲ್ಲಿ. ಮಿಡಿ ಬೆಂಡ್‌ಗೆ 16,384 ಹಂತಗಳಿವೆ. ಆದರೆ ಅಗ್ಗದ ಎಷ್ಟೋ ಕೀಬೋರ್ಡುಗಳ ಚಕ್ರ ಕಳಿಸುವುದು 128 ಹಂತ ಮಾತ್ರ. ವ್ಯಾಪ್ತಿಯನ್ನು ಮೇಲೆ ಕೆಳಗೆ ಒಂದೊಂದು ಸ್ಥಾಯಿ ಇಟ್ಟರೆ ಒಟ್ಟು 2,400 ಸೆಂಟ್, ಒಂದು ಹಂತಕ್ಕೆ ಸುಮಾರು 19 ಸೆಂಟ್. ಜಾರು ಮೆಟ್ಟಿಲಿಳಿದ ಹಾಗೆ ಕೇಳಿಸುತ್ತದೆ. ಎರಡೆರಡು ಅರ್ಧಸ್ವರಕ್ಕೆ ಇಳಿಸಿದರೆ ಹಂತಕ್ಕೆ 3 ಸೆಂಟ್, ನುಣುಪು. ಜೊತೆಗೆ ನೋಡಿ, ತೋಡಿಯ ರಿ ಷಡ್ಜದಿಂದ 1 ಅರ್ಧಸ್ವರ ಮೇಲೆ, ಗ 3, ಮ 5. ಗಾಂಧಾರದ ಕೀ ಹಿಡಿದರೆ ರಿ ಎರಡು ಕೆಳಗೆ, ಮ ಎರಡು ಮೇಲೆ. ಕಾರ್ಖಾನೆಯಿಂದ ಬರುವ ±2 ನಿಮ್ಮ ರಾಗಕ್ಕೇ ಅಳತೆ ತೆಗೆದು ಹೊಲಿದ ಹಾಗಿದೆ.

ಮೇಣದ_ಮೆಟ್ಟು:

ಎರಡು ವಾರ ನಾಪತ್ತೆ ಆಗಿದ್ದೆ, ಮಗುವಿಗೆ ಜ್ವರ. ಈಗ ಆರಾಮ.

ಸ್ಪ್ರೀ ಅವರ ಲೆಕ್ಕ ಹಿಡಿದು ಎಕ್ಸ್‌ಪಿಎಸ್ ಮುಂದೆ ಕೂತೆ. ಗಾಂಧಾರ ಒತ್ತಿ, ಲಿವರ್ ಎಡಕ್ಕೆ ರಿ, ಬಲಕ್ಕೆ ಮ. ಪರವಾಗಿಲ್ಲ, ಆದರೆ ಏನೋ ತಪ್ಪು. ಸ್ವರ ಹುಟ್ಟೋದೇ ಗಾಂಧಾರದ ಮೇಲೆ, ಆಮೇಲೆ ಅಲ್ಲಿಂದ ಇಳಿಸಬೇಕು. ಕೈ ಬೇಡ ಬೇಡ ಅಂತಿತ್ತು.

ಮೂರನೇ ರಾತ್ರಿ ಹೊಳೀತು. ವೀಣೆಯಲ್ಲಿ ನಾವು ಆ ಗಾಂಧಾರಾನ ಗಾಂಧಾರದ ಮೆಟ್ಟಿಲ ಮೇಲೆ ನುಡಿಸೋದೇ ಇಲ್ಲ. ರಿಷಭದ ಮೆಟ್ಟಿಲಲ್ಲಿ ಬೆರಳಿಟ್ಟು, ಮೀಟಿ, ತಂತಿ ಎಳೀತೀವಿ. ತಂತಿ ಎಳೆದರೆ ಸ್ವರ ಏರುತ್ತೆ ಹೊರತು ಇಳಿಯಲ್ಲ. ಹಾಗಾಗಿ ಬೆಂಡ್ ವ್ಯಾಪ್ತಿ ಮೇಲಕ್ಕೆ 4, ಕೆಳಕ್ಕೆ 0 ಮಾಡಿದೆ. ರಿ ಕೀ ಒತ್ತಿ ಲಿವರ್ ಬಲಕ್ಕೆ ಮಾತ್ರ. ಅಷ್ಟೇ! ಲಿವರಿನ ಸ್ಪ್ರಿಂಗ್ ವಾಪಸ್ ಎಳೆಯೋದು ಇಷ್ಟು ದಿನ ಕಾಟ ಅನ್ನಿಸ್ತಿತ್ತು. ತಂತಿನೂ ಹಾಗೇ ಅಲ್ವಾ, ಬಿಟ್ಟರೆ ಮೆಟ್ಟಿಲಿಗೇ ಬರುತ್ತೆ.

ಧ್ವನಿ ಒಂದು ಬೋಳು ಸಾ-ಟೂತ್ ತರಂಗ, ಫಿಲ್ಟರ್ ಅರ್ಧ ಮುಚ್ಚಿದೆ. ಶ್ರುತಿ ಎರಡೂವರೆ ಮನೆ, ಫೋನಿನ ತಂಬೂರಿ. ಒಂದೂವರೆ ನಿಮಿಷ ಫೋನಲ್ಲೇ ರೆಕಾರ್ಡ್ ಮಾಡಿ ಹಾಕಿದೀನಿ, ಕೇಳಿ ಬೈಯಿರಿ. ನಡುವೆ ಕುಕ್ಕರ್ ಸೀಟಿ ಇದೆ.

ಕಡಲ_ತಡಿ:

ಕೇಳಿದೆ. ಎರಡು ಸಲ. ಕುಕ್ಕರ್ ಸಹ ಶ್ರುತಿಯಲ್ಲೇ ಉಂಟು.

ಧಾರವಾಡ_ಪೇಟಿ:

ಕೇಳಿದೆ ಅಕ್ಕಾರ. ಗಾಂಧಾರ ಛಲೋ ಬಂದದ. ಇಬ್ಬರು ತಾಯಂದ್ರು ತೊಟ್ಟಿಲ ತೂಗಿದ್ರ ಬ್ಯಾರೆ ಬ್ಯಾರೆ ಇರತದಲ್ಲ, ಹಂಗ ಪ್ರತಿ ಸಲ ಬ್ಯಾರೆ ತೂಗೇದ. ಬೈಯೂದು ಎರಡು ಕಡೆ. ಮ್ಯಾಲೆ ಹೋದಾಗ ಮಧ್ಯಮ ದಾಟಿ ಒಂಚೂರು ಹೊರಗ ಹೊಕ್ಕದ. ಅದು ಲಿವರ್ ಕೊನೀಗೆ ಬಡದದ್ದಲ್ಲ, ಬೆಂಡ್ 5 ಇಟ್ಟೀರೇನು ನೋಡ್ರಿ. ಇನ್ನೊಂದು, ಧೈವತದಾಗೂ ಅದ ತೂಕದ ತೂಗು ಹಾಕೀರಿ. ಎಡಗೈಗೆ ರುಚಿ ಹತ್ತೇದ, ಬಿಡಾಕ ಒಲ್ಲದು. ಪಂಚಮ ಸುಮ್ಮ ನಿಂತದ, ಅದು ಭಾಳ ಛಲೋ ಆತು.

ಮೇಣದ_ಮೆಟ್ಟು:

ನೋಡಿದೆ, 5 ಇತ್ತು! 4 ಇಟ್ಟ ಮಾರನೇ ದಿನ ಏನೋ ಪ್ರಯೋಗ ಮಾಡಿ ಹಾಗೇ ಬಿಟ್ಟಿದ್ದೆ. ಧೈವತದ್ದು ಬೈಗುಳ ಒಪ್ಪಿದೆ, ಗುರುಗಳೂ ಅದಕ್ಕೇ ಬೈತಿದ್ರು.

ಅರವತ್ತು ಸಾವಿರ ಇನ್ನೂ ಹಾಗೇ ಇದೆ. ಕಡಲ ತಡಿಯವರು ಹೇಳಿದ ಒತ್ತಡದ ಉಪಾಯ ತಲೇಲಿ ಕೊರೀತಿದೆ, ಎಡಗೈ ಖಾಲಿ ಆದರೆ ತಾಳ ಹಾಕಬಹುದು. ಬರೋ ಭಾನುವಾರ ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಎಕ್ಸ್‌ಪ್ಲೋರರ್ ಮೇಲೆ ಕೈಯಾಡಿಸಿ ಬರ್ತೀನಿ. ಫೋನ್ ಮಾಡಿದಾಗ ಹೆಡ್‌ಫೋನ್ ನೀವೇ ತನ್ನಿ ಅಂದ್ರು.

ಕಡಲ_ತಡಿ:

ಹೋದಾಗ ಒಂದು ನೋಡಿ. ಒತ್ತಡ ಶುರುವಾಗುವ ಜಾಗ ಗಡಸಾಗಿದ್ದರೆ ಸ್ವರ ತಡವಾಗಿ ಏರ್ತದೆ. ಪ್ಯಾಚಿನಲ್ಲಿ ಪಿಚ್‌ನ ಪ್ರಮಾಣ ಕಡಿಮೆಯಿಂದ ಶುರು ಮಾಡಿ, ಮೊದಲೇ 4 ಅರ್ಧಸ್ವರ ಇಟ್ಟರೆ ಬೆರಳು ತಾಗಿದ ಕೂಡಲೇ ಮಧ್ಯಮಕ್ಕೆ ಹಾರ್ತದೆ. ಮತ್ತೆ ಕೀಗಳು ಸಣ್ಣ ಅಳತೆಯವು, ನಿಮ್ಮ ಕೈಗೆ ಆಗ್ತದಾ ನೋಡಿಕೊಳ್ಳಿ.

ಆಕ್ಟೋಪ್ಯಾಡ್_ಹಬ್ಬ:

ಮೇಡಂ, ಅದು ತಗೊಂಡ್ಮೇಲೆ ಎಕ್ಸ್‌ಪಿಎಸ್-30 ಕೊಡೋದಾದ್ರೆ ಮೊದಲು ನನಗೆ ಹೇಳಿ. ಮಾರಬೇಡಿ ಅಂದಿದ್ದು ನಾನೇ, ಗೊತ್ತು. ಒಡೆದಿರೋ ಕೀ ಯಾವುವು?

ಮೇಣದ_ಮೆಟ್ಟು:

ತಮ್ಮನ ಶ್ರುತಿಗೆ ಒಂದು ಸಾ, ಒಂದು ಪಾ. ಕೊಡಲ್ಲ ಸಾರ್.